ಹೊತ್ತಿಗೆ ಮೊದಲೇ ಹಾರಿದ ಕಿಡಿ

ಪಿಟೀಲು ಟೀಚರ ಕಾರು ಮತ್ತೆ ಮಾವನ ಗ್ಯಾರೇಜಿನ ಗೇಟಿನೊಳಗೆ ತಿರುಗಿದ್ದನ್ನು ಕಂಡು ಸೊಸೆಯ ಕೈಯಲ್ಲಿದ್ದ ಪಾನಾ ಅಲ್ಲಿಗೇ ನಿಂತಿತು. ರಿಪೇರಿಯಾಗಿ ಹೋದ ಗಾಡಿ, ಕೈಗಂಟಿದ ಗ್ರೀಸು ಹೋಗುವ ಮೊದಲೇ ತಿರುಗಿ ಬಂದರೆ ಎಂಥ ಮೆಕ್ಯಾನಿಕ್ಕಿಗೂ ಎದೆ ಧಸಕ್ಕೆನ್ನುತ್ತದೆ. ಈ ಕಾರು ಹೀಗೆ ತಿರುಗಿ ಬಂದದ್ದು ಇದು ಎರಡನೆಯ ಸಲ.

ಟೀಚರು ಇಳಿದು ಬಾಗಿಲನ್ನು ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ ಮೆಲ್ಲಗೆ ಮುಚ್ಚಿದರು. ಕಾರು ಅವರ ಅಪ್ಪನಿಂದ ಬಂದದ್ದು. ಸೊಸೆಗಿಂತ ವಯಸ್ಸಿನಲ್ಲಿ ದೊಡ್ಡದು.

"ಮತ್ತೆ ಅದೇ ಕಣಮ್ಮ. ಏರು ಹತ್ತೋವಾಗ ಕಿಣಿಕಿಣಿ ಅನ್ನತ್ತೆ. ಡಬ್ಬೀಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ."

"ಹೋದ ಸಲ ನಾನೇ ಓಡಿಸಿ ನೋಡಿದ್ದೆ ಟೀಚರ್. ಆಗ ಒಂಚೂರೂ ಇರ್ಲಿಲ್ಲ."

"ಗೊತ್ತಮ್ಮ. ನನ್ನ ಹತ್ರ ಕಲಿಯೋಕೆ ಬರೋ ಮಕ್ಕಳೂ ಹಾಗೇ. ಮನೇಲಿ ಚೆನ್ನಾಗಿ ನುಡಿಸಿದ್ದೆ ಟೀಚರ್, ಇಲ್ಲಿ ಬಂದ್ಮೇಲೇ ಅಪಸ್ವರ ಬರ್ತಿದೆ ಅಂತಾವೆ."

ಪಕ್ಕದಲ್ಲಿ ನಿಂತಿದ್ದ ವ್ಯಾನಿನ ಅಡಿಯಿಂದ ಎರಡು ಕಾಲುಗಳು ಮೊದಲು, ಆಮೇಲೆ ಹೊಟ್ಟೆ, ಕೊನೆಗೆ ಮಾವನ ಮುಖ ಹೊರಬಂದವು. ಅವರು ಕಾರನ್ನು ನೋಡಿದರು, ಸೊಸೆಯನ್ನು ನೋಡಿದರು.

"ಬಂತಾ?" ಎಂದರು.

ಆ ಒಂದು ಮಾತಿನಲ್ಲಿ ಏನಿತ್ತೆಂದು ಸೊಸೆಗೆ ಗೊತ್ತಿತ್ತು. ಮಾವನಿಗೆ ಊರಲ್ಲಿ ಕಿವಿ ಮೇಸ್ತ್ರಿ ಎಂದು ಹೆಸರು. ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿ ಹಚ್ಚಿದರೆಂದರೆ ಒಳಗೆ ಯಾವ ಭಾಗ ಅಳುತ್ತಿದೆ, ಯಾವುದು ಅಳುವ ನಾಟಕ ಆಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಅವರ ಮಗನಿಗೆ, ಅಂದರೆ ಸೊಸೆಯ ಗಂಡನಿಗೆ, ಗ್ರೀಸಿನ ವಾಸನೆ ಕಂಡರಾಗದು. ಅವನು ಇಸ್ತ್ರಿ ಮುರಿಯದ ಅಂಗಿಯಲ್ಲಿ ಆಫೀಸಿಗೆ ಹೋಗಿ ಇಸ್ತ್ರಿ ಮುರಿಯದೆ ಬರುವವನು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬಂದ ಸೊಸೆ ಒಂದು ದಿನ ಬೇಜಾರಿಗೆಂದು ಗ್ಯಾರೇಜಿನಲ್ಲಿ ಸತ್ತ ಡೈನಮೋ ಬಿಚ್ಚಿ ಕೂತಳು. ಅದು ಮತ್ತೆ ಕರೆಂಟು ಕೊಡುವವರೆಗೆ ಏಳಲಿಲ್ಲ. ಅಂದಿನಿಂದ ವೈರು, ಬ್ಯಾಟರಿ, ದೀಪ, ಹಾರನ್ನು ಎಲ್ಲ ಅವಳದು. ಎಂಜಿನ್ನು ಮಾತ್ರ ಮಾವನದು. ಹಳೆಯ ಗಾಡಿಗಳು ನಿಲ್ಲುವ ಬಲಗಡೆಯ ಸಾಲಿನಲ್ಲಿ ಅವಳು ಬಾನೆಟ್ಟಿನೊಳಗೆ ತಲೆ ಹಾಕಿದರೆ ಮಾವ ಕೆಮ್ಮುತ್ತಿದ್ದರು.

ಈ ಕಾರು ಬಂದ ದಿನ ಅದೇನು ಮನಸ್ಸಿಗೆ ಬಂತೋ, ಅವರೇ ಅಂದಿದ್ದರು: "ಇದು ಪೂರ್ತಿ ನಿಂದು. ಪ್ಲಗ್ಗಿನಿಂದ ಹಿಡಿದು ಟೈಮಿಂಗಿನ ತನಕ. ನಾನು ಒಂದು ನಟ್ಟೂ ಮುಟ್ಟಲ್ಲ. ದೂರಿಲ್ಲದೆ ಹೋಯ್ತು ಅಂದ್ರೆ ಬಲಗಡೆ ಸಾಲು ನಿಂದೇ. ನಾನು ಕುರ್ಚಿ ಹಾಕ್ಕೊಂಡು ಪೇಪರ್ ಓದ್ತೀನಿ."

"ದೂರು ಬಂದ್ರೆ?"

"ಬಂದ್ರೆ ವೈರು ಎಲ್ಲೂ ಓಡಿಹೋಗಿಲ್ವಲ್ಲಮ್ಮ. ಇದ್ದೇ ಇರತ್ತೆ."

ಮೊದಲ ಸಲ ದೂರು ಬಂದಾಗ, "ಕಲಿಯೋ ಕೈ, ಒಂದು ಮಾಫಿ" ಎಂದಿದ್ದರು. ಈಗ ಎರಡನೆಯದು. ಟೀಚರು ಆಟೋ ಹತ್ತಿ ಹೋದ ಮೇಲೆ ಮಾವ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತರು.

"ಇನ್ನೊಂದೇ ಸಲ ನೋಡು. ಆಮೇಲೆ ನಾನೇ ಕೈ ಹಾಕ್ತೀನಿ. ಟೀಚರು ಒಳ್ಳೆಯವರು ಅಂತ ಎಷ್ಟೂಂತ ಆಟ ಆಡಿಸೋದು?" ದನಿಯಲ್ಲಿ ಕೋಪವಿರಲಿಲ್ಲ. ಬೇಸರವಿತ್ತು, ಅದು ಕೋಪಕ್ಕಿಂತ ಹೆಚ್ಚು ಚುಚ್ಚಿತು.

ಕಿಣಿಕಿಣಿ ಸದ್ದಿನ ಕಾರಣ ಹುಡುಕುವುದು ಕಷ್ಟವೇನಲ್ಲ. ಉಯ್ಯಾಲೆ ತೂಗಿದವರಿಗೆಲ್ಲ ಅರ್ಥವಾಗುವ ಸಂಗತಿ ಅದು. ಉಯ್ಯಾಲೆ ಹಿಂದಕ್ಕೆ ಬಂದು ಇನ್ನೇನು ಮುಂದಕ್ಕೆ ಹೊರಡಬೇಕು ಎನ್ನುವಾಗ ತಳ್ಳಿದರೆ ಸಲೀಸಾಗಿ ಏರುತ್ತದೆ. ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ತಳ್ಳಿದರೆ ಕೈಗೆ ಏಟು, ಕೂತವರಿಗೂ ಏಟು. ಎಂಜಿನ್ನಿನೊಳಗೆ ಪಿಸ್ಟನ್ನು ಮೇಲೇರಿ ಪೆಟ್ರೋಲಿನ ಆವಿಯನ್ನು ಒತ್ತುತ್ತದೆ. ಅದು ತುದಿ ಮುಟ್ಟುವುದಕ್ಕೆ ತುಸುವೇ ಮುಂಚೆ ಕಿಡಿ ಹಾರಬೇಕು. ಕಿಡಿ ಬಹಳ ಮುಂಚೆ ಹಾರಿತೋ, ಇನ್ನೂ ಏರುತ್ತಿರುವ ಪಿಸ್ಟನ್ನಿನ ತಲೆಗೆ ಬೆಂಕಿ ಸುತ್ತಿಗೆಯಂತೆ ಬಡಿಯುತ್ತದೆ. ಅದೇ ಕಿಣಿಕಿಣಿ. ಹಾಗೇ ಓಡಿಸುತ್ತಾ ಹೋದರೆ ಒಂದು ದಿನ ಪಿಸ್ಟನ್ನಿಗೇ ತೂತು.

ಕಿಡಿಯ ಹೊತ್ತನ್ನು ಗೊತ್ತುಮಾಡುವುದು ಡಿಸ್ಟ್ರಿಬ್ಯೂಟರ್ ಎಂಬ ಲೋಟದಾಕಾರದ ಭಾಗ. ಅದರ ಕೊರಳಿಗೆ ಒಂದು ಪಟ್ಟಿ, ಪಟ್ಟಿಗೊಂದು ಬೋಲ್ಟು. ಬೋಲ್ಟು ಸಡಿಲಿಸಿ ಲೋಟವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಕಿಡಿ ಮುಂಚಿತವಾಗುತ್ತದೆ ಇಲ್ಲವೇ ತಡವಾಗುತ್ತದೆ. ಮಾವ ಇದನ್ನು ಹೊಂದಿಸುತ್ತಿದ್ದದ್ದು ಕಿವಿಯಿಂದ. ಗಾಡಿಯನ್ನು ನೀರಿನ ಟ್ಯಾಂಕಿನ ಏರಿಗೆ ಹತ್ತಿಸುವುದು, ಕಿಣಿ ಎನ್ನುವ ತನಕ ಕಿಡಿಯನ್ನು ಮುಂದಕ್ಕೆ, ಅಂದರೆ ಇನ್ನಷ್ಟು ಬೇಗ ಹಾರುವಂತೆ, ತರುವುದು, ಅಂದ ಕೂಡಲೇ ಒಂದು ಎಳ್ಳಿನಷ್ಟು ಹಿಂದಕ್ಕೆ. ಸೊಸೆಯದು ಟೈಮಿಂಗ್ ಲೈಟು. ಕಿಡಿ ಹಾರಿದಾಗೆಲ್ಲ ಮಿಂಚುವ ಆ ದೀಪವನ್ನು ತಿರುಗುವ ಪುಲ್ಲಿಯ ಮೇಲೆ ಹಿಡಿದರೆ ಅಲ್ಲಿರುವ ಗೆರೆ ನಿಂತಂತೆ ಕಾಣುತ್ತದೆ; ಗೆರೆ ಎಲ್ಲಿ ನಿಂತಿದೆ ಎಂಬುದೇ ಲೆಕ್ಕ. ಮಾವ ಅದಕ್ಕೆ ಮಿಣುಕುಹುಳ ಎಂದು ಹೆಸರಿಟ್ಟಿದ್ದರು.

ಸೊಸೆ ಈಗ ಮಿಣುಕುಹುಳ ಹಿಡಿದಳು. ಗೆರೆ ಇರಬೇಕಾದ ಜಾಗದಲ್ಲಿರಲಿಲ್ಲ. ಹೋದ ಸಲದ ಹಾಗೆಯೇ ಬಹಳ ಮುಂದಕ್ಕೆ ಹೋಗಿತ್ತು.

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಲಿಬಿಲಿಯಾಯಿತು. ಹೋದ ಸಲ ತನ್ನ ಕೈಯಾರೆ ಗೆರೆ ಕೂಡಿಸಿ ಬೋಲ್ಟು ಬಿಗಿ ಮಾಡಿದ್ದಳು. ಈಗಲೂ ಬೋಲ್ಟು ಬಿಗಿಯಾಗಿಯೇ ಇತ್ತು. ಲೋಟ ಕೈಗೆ ಮಿಸುಕಲಿಲ್ಲ. ಮಿಸುಕದ್ದು ಸರಿದದ್ದು ಹೇಗೆ?

ಗೆರೆಯೇ ಸುಳ್ಳಿರಬಹುದೆ? ಹಳೆಯ ಪುಲ್ಲಿಗಳ ಹೊರಗಿನ ಬಳೆ ಒಮ್ಮೊಮ್ಮೆ ರಬ್ಬರು ಬಿಟ್ಟು ಜಾರುತ್ತದೆ, ಗೆರೆಯೂ ಅದರೊಂದಿಗೆ ಜಾರಿ ಸುಳ್ಳು ಸಾಕ್ಷಿ ಹೇಳುತ್ತದೆ. ಅವಳು ಮೊದಲ ಪ್ಲಗ್ಗು ಬಿಚ್ಚಿ, ತೂತಿನಲ್ಲಿ ಜ್ಯೂಸಿನ ಕೊಳವೆಯೊಂದನ್ನು ಇಳಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿದಳು. ಕೊಳವೆ ಮೇಲೇರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಇಳಿಯತೊಡಗಿತು. ಅದು ನಿಂತ ಕಡೆ ಗೆರೆಯೂ ಸೊನ್ನೆಗೆ ಬಂದು ನಿಂತಿತ್ತು. ಪುಲ್ಲಿ ಸತ್ಯವಂತ.

ಡಿಸ್ಟ್ರಿಬ್ಯೂಟರಿನೊಳಗಿನ ಚಿಕ್ಕ ಸ್ಪ್ರಿಂಗುಗಳು ಸೋತಿರಬಹುದೆ? ಅವು ಸೋತರೂ ಕಿಡಿ ಮುಂದಕ್ಕೆ ಓಡುತ್ತದೆ. ಬಿಚ್ಚಿ ನೋಡಿದಳು. ಬಿಗಿಯಾಗಿದ್ದವು. ಕಾಯಿಲು ಬಿಸಿ ಮಾಡಿ ನೋಡಿದಳು, ಕಂಡೆನ್ಸರ್ ಬದಲಿಸಿ ನೋಡಿದಳು. ಈ ರೋಗಕ್ಕೂ ಅವಕ್ಕೂ ಸಂಬಂಧವಿಲ್ಲವೆಂದು ತಿಳಿದೂ ನೋಡಿದಳು. ದಾರಿ ತಪ್ಪಿದವರು ಕಂಡ ಬಾಗಿಲನ್ನೆಲ್ಲ ತಟ್ಟುತ್ತಾರಲ್ಲ, ಹಾಗೆ.

ಊಟಕ್ಕೆ ಕೂತಾಗಲೂ ಅವಳ ತಲೆಯಲ್ಲಿ ಲೋಟ ತಿರುಗುತ್ತಲೇ ಇತ್ತು. ಮನೆ ಗ್ಯಾರೇಜಿನ ಮೇಲೆಯೇ. ಅಡುಗೆಮನೆಯ ಕಿಟಕಿಯಿಂದ ಬಲಗಡೆಯ ಸಾಲು ಕಾಣುತ್ತದೆ. ಮಾವನ ಮೊಣಕೈ ಪಕ್ಕದಲ್ಲೇ ಫೋನು ಹೊಡೆದುಕೊಳ್ಳುತ್ತಿತ್ತು. ಅವರು ತುತ್ತಿನ ಮೇಲೆ ತುತ್ತು ಇಳಿಸುತ್ತಿದ್ದರು.

"ಸೊಸೆ ಎದ್ದು ಬರ್ಲಿ ಅಂತ ಕೂತಿದ್ದೀರಾ? ಫೋನು ರೀ!" ಎಂದು ಒಲೆಯ ಹತ್ತಿರದಿಂದ ಅತ್ತೆ ಕೂಗಿದರು.

"ಎಲ್ಲಿ ಹೊಡೀತು?"

"ಎಲ್ಲಿ ಹೊಡೀತಂತೆ! ನೋಡಮ್ಮ, ಮದುವೆಯಾದಾಗಿನಿಂದ ಇವರಿಗೆ ಬೇಡದ್ದು ಕೇಳ್ಸಲ್ಲ. ನಾನು ಕರೆದ್ರೆ ಗೋಡೆ. ಯಾರಾದ್ರೂ ಗಾಡಿ ಸ್ಟಾರ್ಟ್ ಮಾಡಿದ್ರೆ ಮೂರು ಬೀದಿ ಆಚೆಯಿಂದ ಹೇಳ್ತಾರೆ."

ಮಾವ ನಕ್ಕರು. ಅದೇ ಹೊತ್ತಿಗೆ ಬೀದಿಯಲ್ಲಿ ಲಾರಿಯೊಂದು ಗುಡುಗುತ್ತ ಹೋಯಿತು. ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ತಲೆ ಓರೆ ಮಾಡಿದರು. "ಹಿಂದಿನ ಚಕ್ರದ ಬೇರಿಂಗು. ಇನ್ನೊಂದು ತಿಂಗಳು ಎಳೆದ್ರೆ ಹೆಚ್ಚು."

"ಕಂಡೆಯಾ?" ಎಂದರು ಅತ್ತೆ.

ಸೊಸೆ ಅರೆಬರೆ ನಕ್ಕಳು. ಅವಳ ತಲೆ ಬೇರೆಲ್ಲೋ ಇತ್ತು. ಊಟ ಮುಗಿಸಿ ಇಳಿಯುವಾಗ ಮೆಟ್ಟಿಲ ಮೇಲೆ ಆ ಯೋಚನೆ ಥಟ್ಟನೆ ಹೊಳೆದು, ಅವಳು ನಿಂತಲ್ಲೇ ಗೋಡೆ ಹಿಡಿದುಕೊಂಡಳು.

ಪಟ್ಟಿ ಒಂದು ವೇಳೆ ಜಾರಿತು ಎಂದೇ ಇಟ್ಟುಕೊಳ್ಳೋಣ. ಲೋಟದೊಳಗಿನ ದಂಡ ತಿರುಗುತ್ತಿರುತ್ತದೆ. ತಿರುಗುವ ದಂಡ ಘರ್ಷಣೆಯಿಂದ ಲೋಟವನ್ನೂ ತನ್ನ ದಿಕ್ಕಿಗೇ ಎಳೆಯಬೇಕು. ಬೇರೆ ದಿಕ್ಕಿಗೆ ಎಳೆಯಲು ಅದಕ್ಕೆ ಸಾಧ್ಯವೇ ಇಲ್ಲ. ಲೋಟ ದಂಡದ ದಿಕ್ಕಿಗೇ ಸರಿದರೆ ಕಿಡಿ ತಡವಾಗುತ್ತದೆ. ಲೋಟದೊಳಗೆ ಕಿಡಿ ಹೊರಡಿಸುವ ಪಾಯಿಂಟು ಸವೆದರೂ ತಡವೇ. ಆಗಲೇ ನೋಡಿಯಾಗಿದ್ದ ಸ್ಪ್ರಿಂಗುಗಳನ್ನು ಬಿಟ್ಟರೆ ಸವೆತ, ಜಾರುವಿಕೆ, ಮುಪ್ಪು, ಎಲ್ಲವೂ ಕಿಡಿಯನ್ನು ಹಿಂದಕ್ಕೇ ತಳ್ಳುತ್ತವೆ. ಇಲ್ಲಿ ಕಿಡಿ ಮುಂದಕ್ಕೆ ಬಂದಿದೆ. ಹೊಳೆಯಲ್ಲಿ ಬಿದ್ದ ತೆಂಗಿನಕಾಯಿ ಹರಿವಿಗೆ ಎದುರಾಗಿ ತೇಲಿ ಬಂತು ಎಂದರೆ ನಂಬುವುದು ಹೇಗೆ? ಯಾರೋ ಕೈಯಲ್ಲಿ ಹಿಡಿದು ತಂದಿರಬೇಕು.

ಯಾರು? ಟೀಚರಿಗೆ ಬಾನೆಟ್ಟು ತೆರೆಯಲೂ ಬಾರದು. ಅವರ ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಷ್ಟಕ್ಕೇ ಅವಳು ಯೋಚನೆ ನಿಲ್ಲಿಸಿದಳು. ಇನ್ನೊಂದು ಹೆಜ್ಜೆ ಇಟ್ಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಕಾಣುತ್ತಿತ್ತು, ಇಡಲು ಮನಸ್ಸಾಗಲಿಲ್ಲ.

ಮಧ್ಯಾಹ್ನವೆಲ್ಲ ಕೂತು ಪಾಯಿಂಟು ಹೊಂದಿಸಿ, ಟೈಮಿಂಗು ಕೂಡಿಸಿ, ಟ್ಯಾಂಕಿನ ಏರಿಗೆ ತಾನೇ ಹತ್ತಿಸಿ ಬಂದಳು. ಕಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಹತ್ತಿತು. ಮರಳಿ ಬಂದು, ಡಿಸ್ಟ್ರಿಬ್ಯೂಟರಿನ ಕೊರಳಡಿ, ಕೈಗನ್ನಡಿ ಹಿಡಿದರೆ ಮಾತ್ರ ಕಾಣುವ ಕಡೆ, ಲೋಟಕ್ಕೂ ಪಟ್ಟಿಗೂ ಸೇರಿದಂತೆ ಸೂಜಿಯಿಂದ ಒಂದು ಗೀರು ಎಳೆದಳು. ಜಾರುತ್ತಿದ್ದರೆ ಗೊತ್ತಾಗಲಿ ಎಂದು ತನಗೆ ತಾನೇ ಹೇಳಿಕೊಂಡಳು.

"ಆಯ್ತಾ?" ಎಂದು ಮಾವ ಕೈ ಒರೆಸಿಕೊಳ್ಳುತ್ತ ಬಂದರು. "ಕೊಡು ಕೀ. ಒಂದು ಸುತ್ತು ಹೋಗಿ ಬರ್ತೀನಿ."

ಅದು ಅಲ್ಲಿನ ಪದ್ಧತಿ. ಮಾವನ ಕೈಯಲ್ಲಿ ಒಂದು ಸುತ್ತು ಹೋಗಿಬರದೆ ಯಾವ ಗಾಡಿಯೂ ಆ ಗ್ಯಾರೇಜಿನಿಂದ ಮನೆಗೆ ಹೋದದ್ದಿಲ್ಲ. ಹೋದ ಎರಡು ಸಲವೂ ಈ ಕಾರು ಹಾಗೆಯೇ ಹೋಗಿತ್ತು.

"ನಾನೂ ಬರ್ಲಾ ಮಾವ?"

"ಬೇಡ, ನೀನು ಟೀ ಕುಡಿ. ಮುಖ ನೋಡು, ಒಗೆದು ಹಿಂಡಿದ ಬಟ್ಟೆ ಆಗಿದೆ."

ಅವರು ಹೋದರು, ಸ್ವಲ್ಪ ಹೊತ್ತಿಗೆ ಬಂದರು. ಇಳಿಯುವಾಗ ಮುಖ ಅರಳಿತ್ತು. "ಭೇಷ್! ಕುದುರೆ ಹಾಗೆ ಎಳೀತಿದೆ. ಟೀಚರಿಗೆ ಫೋನು ಮಾಡು, ನಾಳೆ ಬೆಳಿಗ್ಗೆ ಬರ್ಲಿ" ಎಂದು ಬೆನ್ನು ತಟ್ಟಿ ಮೆಟ್ಟಿಲು ಹತ್ತಿದರು.

ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಸೊಸೆ ಕೈಗನ್ನಡಿ ತಂದಳು. ಗೀರು ಎರಡಾಗಿ ಮುರಿದಿತ್ತು. ಲೋಟದ ಮೇಲಿನ ತುಂಡು ದಂಡದ ದಿಕ್ಕಿಗೆ ಎದುರಾಗಿ, ಅವಳು ಲೆಕ್ಕ ಹಾಕಿದ ಕಡೆಗೇ ಸರಿದಿತ್ತು. ಬೋಲ್ಟಿನ ತಲೆಯ ಎಣ್ಣೆ ಕಪ್ಪಿನ ಮೇಲೆ ಪಾನಾ ಕಚ್ಚಿದ ಹೊಸ ಹೊಳಪು.

ಅವಳು ಕನ್ನಡಿಯನ್ನು ಬೋರಲು ಹಾಕಿ ಕೂತಳು. ಎಂಜಿನ್ನಿನ ಗಂಟು ಬಿಚ್ಚಿತು, ಮನುಷ್ಯನ ಗಂಟು ಬಿತ್ತು. ಮುಟ್ಟುವುದಿಲ್ಲ ಎಂದವರು ಮುಟ್ಟಿದ್ದರು. ಬಲಗಡೆಯ ಸಾಲು ಕೊಡುತ್ತೇನೆ ಎಂದವರು, ಕೊಡಬೇಕಾಗಿ ಬರದಂತೆ ಮೂರು ಸಲವೂ ತಾವೇ ಕೆಡಿಸಿದ್ದರು. ಆದರೆ ಕೆಡಿಸಿ ಬಂದವರ ಮುಖ ಹಾಗೆ ಅರಳುತ್ತದೆಯೇ? ಬೆನ್ನು ತಟ್ಟಿದ ಕೈಯಲ್ಲಿ ಕಳ್ಳತನವಿರಲಿಲ್ಲ. ಇದ್ದಿದ್ದರೆ ತನಗೆ ತಿಳಿಯುತ್ತಿತ್ತು. ತಿಳಿಯುತ್ತಿತ್ತೇ?

ಮೇಲೆ ಅತ್ತೆ ಬಟ್ಟೆ ಮಡಚುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ತಾನೂ ಒಂದು ಟವಲು ಎತ್ತಿಕೊಂಡಳು.

"ಅತ್ತೆ, ಮಾವ ನನ್ನ ಕೆಲ್ಸದ ಬಗ್ಗೆ ಏನಾದ್ರೂ ಅಂತಾರಾ?"

"ಅನ್ನದೆ ಏನು! ಮಗ ಕೈಬಿಟ್ಟದ್ದನ್ನ ಸೊಸೆ ಹಿಡಿದ್ಲು ಅಂತ ಬಂದವರಿಗೆಲ್ಲ ಹೇಳ್ತಾರೆ. ನಂಗೇ ಹೊಟ್ಟೆಕಿಚ್ಚು ಆಗೋಷ್ಟು." ಅತ್ತೆ ಒಂದು ಅಂಗಿಯ ಕಾಲರು ಸರಿಮಾಡಿದರು. "ಒಂದೇ ಒಂದು ಅಂತಾರೆ, ಅವಳ ಟೈಮಿಂಗು ಯಾಕೋ ಮಂದ, ಭಯದ ಕೈ ಅಂತ. ಅದೇನು ಅಂದ್ರೋ ಎತ್ಲಾಗೋ, ನಂಗೆ ಅರ್ಥ ಆಗ್ಲಿಲ್ಲ."

ಸೊಸೆಗೂ ಆಗಲಿಲ್ಲ. ದೀಪ ತೋರಿಸಿದ ಗೆರೆಯಲ್ಲಿ ಭಯವೆಲ್ಲಿಂದ ಬರಬೇಕು? ರಾತ್ರಿ ಗಂಡನಿಗೆ ಹೇಳಿದಳು. ಅವನು, "ಅಪ್ಪನ್ನೇ ನೇರ ಕೇಳಿಬಿಡು" ಎಂದು ಆಕಳಿಸಿದ. ಬೆಳಿಗ್ಗೆ ಅವಳು ಕೇಳಿಯೂ ಕೇಳಿದಳು.

"ಮಾವ, ನಿನ್ನೆ ಸುತ್ತು ಹೋದಾಗ ಏನಾದ್ರೂ ಮುಟ್ಟಿದ್ರಾ?"

ಮಾವ ಫ್ಯಾನು ನೋಡಿದರು. "ನಾನ್ಯಾಕೆ ಮುಟ್ಲಿ?"

ಸುಳ್ಳು ಹೇಳಲು ಬಾರದವರ ಸುಳ್ಳು ಅದು. ಅವಳೊಳಗೆ ಏನೋ ಗಟ್ಟಿಯಾಯಿತು. ಟೈಮಿಂಗು ಮತ್ತೆ ಸರಿಮಾಡಬಹುದಿತ್ತು, ಮಾಡಲಿಲ್ಲ. ಮಾವ ಬಿಟ್ಟ ಹಾಗೆಯೇ ಬಿಟ್ಟು, ಟೀಚರು ಬಂದಾಗ ಅಂದಳು: "ಈ ಸಲ ಹಾಗೇ ತಗೊಂಡು ಹೋಗ್ಬೇಡಿ ಟೀಚರ್. ಮೂರೂ ಜನ ಒಟ್ಟಿಗೆ ಏರಿಗೆ ಹೋಗೋಣ. ಮಾವ ಓಡಿಸ್ಲಿ."

ಎಲ್ಲರ ಮುಂದೆ ಸದ್ದು ಬರಲಿ, ಆಗ ಫ್ಯಾನು ನೋಡಲಿ ನೋಡೋಣ. ಹೀಗೆ ಯೋಚಿಸಿದ್ದಕ್ಕೆ ಅವಳಿಗೇ ಸ್ವಲ್ಪ ನಾಚಿಕೆಯಾಯಿತು, ಆದರೂ ಮುಂದಿನ ಸೀಟಿನಲ್ಲಿ ಕೂತಳು. ಟೀಚರು ಹಿಂದೆ ಕೂತರು. ಮಾವ ಮದುಮಗನ ಕಾರು ಓಡಿಸುವವರ ಠೀವಿಯಲ್ಲಿ ಗೇರು ಹಾಕಿದರು.

ಮಟ್ಟ ರಸ್ತೆಯಲ್ಲಿ ಎಲ್ಲ ಸರಿಯಿತ್ತು. ಮಾರ್ಕೆಟ್ಟು ದಾಟಿ, ಶಾಲೆಯ ಉದ್ದನೆಯ ಗೋಡೆ ದಾಟಿ, ನೀರಿನ ಟ್ಯಾಂಕಿನ ಏರು ಬಂತು. ಮಾವ ಗೇರು ಇಳಿಸದೆ ಪೆಡಲು ಒತ್ತಿದರು. ಎಂಜಿನ್ನು ಭಾರ ಹೊತ್ತು ಉಸಿರು ಕಟ್ಟಿತು, ಮತ್ತು ಆ ಉಸಿರಿನ ಮೇಲೆ, ಗಾಜಿನ ಚೂರುಗಳನ್ನು ಜರಡಿಯಲ್ಲಿ ಆಡಿಸಿದಂತೆ, ಸಣ್ಣಗೆ, ತೆಳ್ಳಗೆ, ಎಡೆಬಿಡದೆ ಕಿಣಿಕಿಣಿಕಿಣಿ.

"ಅದೇ!" ಎಂದು ಟೀಚರು ಮುಂದಕ್ಕೆ ಬಾಗಿದರು. "ಅದೇ ನೋಡಿ ಮೇಸ್ತ್ರಿ!"

ಸೊಸೆ ಮಾವನ ಮುಖ ನೋಡಿದಳು. ಸಿಕ್ಕಿಬಿದ್ದವರ ಮುಖ ನೋಡಲು ಸಿದ್ಧಳಾಗಿದ್ದಳು.

"ಯಾವ್ದು?" ಎಂದರು ಮಾವ.

"ಈಗ ಬರ್ತಿದ್ಯಲ್ಲ!"

"ಎಲ್ಲಿ ಟೀಚರೇ?" ಮಾವ ತಲೆ ಓರೆ ಮಾಡಿದರು, ಲಾರಿ ಹೋದಾಗ ಮಾಡಿದಂತೆಯೇ. ಹುಬ್ಬು ಗಂಟಿಕ್ಕಿದವು. ಪೆಡಲು ಇನ್ನಷ್ಟು ಒತ್ತಿದರು. ಕಾರು ಇನ್ನಷ್ಟು ಕಿರುಚಿತು. ಅವರ ಮುಖದಲ್ಲಿ ಏನೂ ಇರಲಿಲ್ಲ. ಕಳ್ಳತನ, ನಾಟಕ ಯಾವುದೂ ಇಲ್ಲ. ಖಾಲಿ ಕೋಣೆಗೆ ಬಂದು, ಇಲ್ಲಿ ಯಾರೋ ಇದ್ದಾರಂತಲ್ಲ ಎಂದು ಸುತ್ತ ನೋಡುವವರ ಮುಖ. "ಎಂಜಿನ್ನು ಎಷ್ಟು ಮೆತ್ತಗಿದೆ ನೋಡಿ. ಎಲ್ಲಿದೆ ಸದ್ದು?"

ಸೊಸೆ ಮಾವನ ಓರೆಯಾದ ತಲೆಯನ್ನೇ ನೋಡಿದಳು. ಫೋನು, ಅತ್ತೆಯ ಕೂಗು, ಅವರ ಪಾಲಿಗೆ ಮಂದವಾದ ತನ್ನ ಟೈಮಿಂಗು, ಎಲ್ಲ ಒಮ್ಮೆಗೇ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ದಪ್ಪ ಸದ್ದುಗಳು ಅವರಿಗೆ ಇನ್ನೂ ಕೇಳುತ್ತಿದ್ದವು. ತೆಳ್ಳಗಿನವು ಹೊರಟುಹೋಗಿದ್ದವು. ಕಿಣಿ ಎನ್ನುವ ತನಕ ಮುಂದಕ್ಕೆ ತರುವ ಮನುಷ್ಯನಿಗೆ ಕಿಣಿ ಕೇಳದಿದ್ದರೆ ಅವನು ಎಲ್ಲಿ ನಿಲ್ಲಬೇಕು?

ಮಾವ ಅವಳ ಕಡೆ ತಿರುಗಿದರು. "ನಿಂಗೇನಾದ್ರೂ ಕೇಳ್ತಿದ್ಯೇನಮ್ಮ?"

ಇಲ್ಲ ಎಂದರೆ ಆಗುತ್ತಿತ್ತು. ಟೀಚರಿಗೆ ವಯಸ್ಸಾಯಿತು, ಪಿಟೀಲು ಕೇಳಿ ಕೇಳಿ ಕಿವಿಯಲ್ಲೇ ಗುಂಯ್ಗುಡುತ್ತದೆ ಎನ್ನಬಹುದಿತ್ತು. ಆಮೇಲೆ ಮರೆಯಲ್ಲಿ ಟೈಮಿಂಗು ಸರಿಮಾಡಿ, ಮುಂದೆಯೂ ಪ್ರತಿ ಗಾಡಿಯನ್ನು ಮಾವನ ಸುತ್ತಿನ ನಂತರ ಕದ್ದು ಸರಿಮಾಡುತ್ತ ಇರಬಹುದಿತ್ತು. ಬಲಗಡೆಯ ಸಾಲು ಸಿಗುತ್ತಿರಲಿಲ್ಲ, ಅಷ್ಟೆ. ಹೌದು ಎಂದರೆ ಸಾಲು ಸಿಗುತ್ತಿತ್ತು. ಕಿವಿ ಮೇಸ್ತ್ರಿಯ ಹೆಸರಿನಿಂದ ಕಿವಿಯನ್ನು ಕಿತ್ತುಕೊಂಡು ಆ ಸಾಲನ್ನು ಏನು ಮಾಡುವುದು? ಎರಡು ಮನಸ್ಸು ಅವಳನ್ನು ಎರಡು ಕಡೆ ಜಗ್ಗುತ್ತಿದ್ದವು. ಅಷ್ಟರಲ್ಲಿ ಕಾರು ಒಂದೇ ಸಮನೆ ತನ್ನ ಪಿಸ್ಟನ್ನುಗಳಿಗೆ ತಾನೇ ಬಡಿದುಕೊಳ್ಳುತ್ತಿತ್ತು.

"ಕೇಳ್ತಿದೆ ಮಾವ" ಎಂದಳು. "ತುಂಬಾ ಜೋರಾಗೇ ಕೇಳ್ತಿದೆ. ಕಾಲು ತೆಗೀರಿ."

ಮಾವ ಕಾಲು ತೆಗೆದರು. ಕಾರು ಅರ್ಧ ಏರಿನಲ್ಲಿ, ಒಂದು ಮನೆಯ ಗೇಟಿನ ಮುಂದೆ ನಿಂತಿತು. ಅವರು ಹ್ಯಾಂಡ್‌ಬ್ರೇಕು ಎಳೆದು ಎರಡೂ ಕೈ ಸ್ಟೀರಿಂಗಿನ ಮೇಲೆ ಇಟ್ಟುಕೊಂಡರು.

"ನಾನು ಒಂಚೂರು ಮುಂದಕ್ಕೆ ಕೊಟ್ಟಿದ್ದೆ" ಎಂದರು ಕೊನೆಗೆ. "ಪ್ರತೀ ಸಲಾನೂ. ನಿನ್ನದು ಮಂದ ಅನ್ನಿಸ್ತಿತ್ತು. ದೂರು ಬಂದಾಗ ನೋಡು, ಏರು ಅನ್ನೋದಷ್ಟೇ ಕಿವಿಗೆ ಬಿದ್ದಿತ್ತು, ನಾನು ಕೊಟ್ಟದ್ದು ಸಾಲ್ಲಿಲ್ಲ ಅಂದ್ಕೊಂಡೆ. ಏರಲ್ಲಿ ಚೆನ್ನಾಗಿ ಎಳೆದ್ರೆ ಟೀಚರು ನಿನ್ನ ಹೊಗಳ್ತಾರೆ ಅಂತ."

"ನನಗೋಸ್ಕರಾನಾ?"

"ಮತ್ತೆ ಇನ್ಯಾರಿಗೆ?" ಆಮೇಲೆ ತಮ್ಮಷ್ಟಕ್ಕೇ ಎನ್ನುವಂತೆ ಅಂದರು: "ಈಚೀಚೆಗೆ ಯಾವ ಗಾಡಿಯೂ ಕಿಣಿ ಅಂತಿರ್ಲಿಲ್ಲ. ಎಷ್ಟು ಕೊಟ್ರೂ ತಡ್ಕೊಳ್ತಿದ್ವು. ಪೆಟ್ರೋಲು ಒಳ್ಳೇದಾಗಿದೆ ಅಂದ್ಕೊಂಡಿದ್ದೆ ಕಣಮ್ಮ."

ಟೀಚರು ಸೀಟಿನ ಅಂಚಿಗೆ ಸರಿದರು. ಆಮೇಲೆ ಮೆತ್ತಗೆ, "ನಂಗೂ ದೂರದ್ದು ಕಾಣಲ್ಲ ಮೇಸ್ತ್ರಿ. ಬಸ್ಸಿನ ಬೋರ್ಡು ಮಕ್ಕಳು ಓದಿ ಹೇಳ್ತಾವೆ" ಎಂದರು. ಅದು ಸಮಾಧಾನವಾಯಿತೋ ಇಲ್ಲವೋ, ಮಾವ ತಲೆ ಆಡಿಸಿದರು.

ಸೊಸೆ ಇಳಿದು ಬಾನೆಟ್ಟು ಎತ್ತಿ, ಬೋಲ್ಟು ಸಡಿಲಿಸಿ, ಸೂಜಿಯ ಗೀರು ಮತ್ತೆ ಒಂದಾಗುವ ತನಕ ಲೋಟ ತಿರುಗಿಸಿ ಬಿಗಿ ಮಾಡಿದಳು. ಮಾವ ಪಕ್ಕದಲ್ಲಿ ಬಂದು ನಿಂತು ನೋಡಿದರು, ಕೆಮ್ಮಲಿಲ್ಲ. ಕೆಮ್ಮಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

"ಬಲಗಡೆ ಸಾಲು ನಿಂದೇ" ಎಂದರು.

"ಅದು ಆಮೇಲೆ ಮಾವ. ಮೊದಲು ಡಾಕ್ಟರ ಹತ್ರ..."

"ಆಮೇಲೆ ಏನಿಲ್ಲ. ಮಾತಂದ್ರೆ ಮಾತು." ಅವರು ಕೀಯನ್ನು ಅವಳ ಕೈಗಿತ್ತು, ಸುತ್ತಿಬಂದು ಎಡಗಡೆಯ ಸೀಟಿಗೆ ಕೂತರು.

ಈ ಸಲ ಅವಳು ಓಡಿಸಿದಳು. ಕಾರು ಏರನ್ನು ಸದ್ದಿಲ್ಲದೆ ಹತ್ತಿತು. "ಈಗ?" ಎಂದು ಮಾವ ಕೇಳಿದರು. "ಇಲ್ಲ" ಎಂದರು ಹಿಂದಿನಿಂದ ಟೀಚರು. ಇನ್ನಷ್ಟು ಮೇಲೆ ಹೋದಾಗ, "ಈಗ?" "ಇಲ್ಲ ಮೇಸ್ತ್ರಿ, ಶುದ್ಧವಾಗಿದೆ." ಮಾವನಿಗೆ ಆಗಲೂ ಏನೂ ಕೇಳುತ್ತಿರಲಿಲ್ಲ, ಈಗಲೂ ಏನೂ ಕೇಳುತ್ತಿರಲಿಲ್ಲ. ಎರಡಕ್ಕೂ ವ್ಯತ್ಯಾಸವೇನೆಂದು ಬೇರೆಯವರನ್ನು ಕೇಳಿ ತಿಳಿಯಬೇಕಾದ ಮನುಷ್ಯನಂತೆ ಅವರು ಒಮ್ಮೆ ಸೊಸೆಯನ್ನು, ಒಮ್ಮೆ ಟೀಚರನ್ನು ನೋಡುತ್ತಿದ್ದರು.

ಗೆದ್ದೆನೋ ಸೋತೆನೋ ಸೊಸೆಗೆ ತಿಳಿಯಲಿಲ್ಲ. ಬಯಸಿದ್ದು ಕೈಗೆ ಬಂದಿತ್ತು, ಆದರೆ ಹಿಡಿಯುವ ಕಡೆಯೇ ಕಾಣುತ್ತಿರಲಿಲ್ಲ. ಮಾವ ತನ್ನನ್ನು ಕೆಡಿಸುತ್ತಿದ್ದಾರೆ ಎಂದುಕೊಂಡಿದ್ದಳು, ಅವರು ಕಾಪಾಡುತ್ತಿದ್ದರು, ಕಾಪಾಡಿದ್ದೇ ಕೆಡಿಸಿತ್ತು. ಇದರಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ಇಳಿಜಾರಿನಲ್ಲಿ ಬರುವಾಗ ಮಾವ ತಟಕ್ಕನೆ ನೆಟ್ಟಗೆ ಕೂತರು. "ಹಾಗಾದ್ರೆ ಉಳಿದವು?"

"ಯಾವ ಉಳಿದವು?"

"ಈ ವರ್ಷ ನಾನು ಸುತ್ತು ಹೋಗಿ ಬಂದವು. ಫೋಟೋ ಸ್ಟುಡಿಯೋದವನ ಕಾರು. ಆ ದಪ್ಪ ವಕೀಲರದ್ದು. ಬೇಕರಿಯವನ ವ್ಯಾನು..." ಅವರ ದನಿ ಅಲ್ಲಿಗೇ ನಿಂತಿತು. ಬೇಕರಿಯ ವ್ಯಾನು ದಿನವೂ ಬೆಳಿಗ್ಗೆ ಭಾರ ಹೇರಿಕೊಂಡು ಇದೇ ಏರು ಹತ್ತುತ್ತಿತ್ತು.

ಆ ವ್ಯಾನು ಮಾರ್ಕೆಟ್ಟಿನ ತಿರುವಿನಲ್ಲಿ, ಬೇಕರಿಯ ಎದುರಿಗೇ ನಿಂತಿತ್ತು. "ನಿಲ್ಸು" ಎಂದರು ಮಾವ.

"ನಾನು ಹೇಳ್ತೀನಿ ಮಾವ, ನೀವು ಕೂತಿರಿ. ಟೈಮಿಂಗು ನೋಡ್ಬೇಕಿತ್ತು, ಗಾಡಿ ತನ್ನಿ ಅಂದ್ರೆ ಆಯ್ತು. ಕಾರಣ ಹೇಳ್ಬೇಕಿಲ್ಲ."

"ಕಾರಣ ಹೇಳ್ದಿದ್ರೆ ಅವನು ಇನ್ನೊಂದು ತಿಂಗಳು ಬಿಟ್ಟು ತರ್ತಾನೆ" ಎಂದು ಅವರು ಬಾಗಿಲು ತೆರೆದು ಇಳಿದುಬಿಟ್ಟರು.

ಗಾಜಿನ ಆಚೆ ಅವರು ಕೌಂಟರಿನ ಮುಂದೆ ನಿಂತದ್ದು ಕಾಣುತ್ತಿತ್ತು. ಬೇಕರಿಯವನು ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಬಂದ. ಮಾವ ಏನೋ ಹೇಳಿದರು. ಹೊರಗೆ ನಿಂತ ವ್ಯಾನನ್ನು ತೋರಿಸಿದರು, ಆಮೇಲೆ ತಮ್ಮ ಕಿವಿಯನ್ನು ತೋರಿಸಿದರು. ಬೇಕರಿಯವನು ಹೋ ಎಂದು ನಕ್ಕು ಅವರ ತೋಳು ತಟ್ಟಿದ. ಕಿವಿ ಮೇಸ್ತ್ರಿ ಕಿವಿ ತೋರಿಸಿದರೆ ಜಂಬಕ್ಕೇ ಎಂದುಕೊಂಡಿರಬೇಕು. ಮಾವ ನಗಲಿಲ್ಲ. ತಲೆ ಅಡ್ಡಡ್ಡ ಆಡಿಸಿ, ಮತ್ತೊಮ್ಮೆ ಕಿವಿ ತೋರಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.

"ಹೋಗಮ್ಮ" ಎಂದರು ಹಿಂದಿನಿಂದ ಟೀಚರು.

ಹೋದರೆ ಒಳ್ಳೆಯದೋ, ಹೋಗದಿದ್ದರೆ ಒಳ್ಳೆಯದೋ ಅವಳಿಗೆ ಹೊಳೆಯಲಿಲ್ಲ. ಎಂಜಿನ್ನು ಆರಿಸಿ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು, ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಗಾಜಿನ ಆಚೆ ಬೇಕರಿಯವನ ನಗು ಮೆಲ್ಲಗೆ ಇಳಿಯುತ್ತಿತ್ತು. ಆಮೇಲೆ ಅವಳು ಇಳಿದಳು.